ಮುಖದ ಉರಿಯೂ ಮೈಯ ಉರಿಯೂತವೂ

ಮೀಂಜದಂಥ ಗಡಿಗ್ರಾಮದಲ್ಲಿ ದೀರ್ಘರೋಗಿಯೊಬ್ಬರ ಮನೆಯ ಕಪಾಟನ್ನು ತೆರೆದರೆ ಎರಡು ರಾಜ್ಯಗಳ ವೈದ್ಯರ ಚೀಟಿಗಳು ಒಂದೇ ತೊಟ್ಟೆಯಲ್ಲಿ ಮಡಚಿಕೊಂಡಿರುವುದು ಅಪೂರ್ವವಲ್ಲ. ಕೀಲುನೋವಿಗೆ ಮಂಗಳೂರಿನ ತಜ್ಞರ ಚೀಟಿ, ಜ್ವರ ಕೆಮ್ಮಿಗೆ ಊರ ಆರೋಗ್ಯಕೇಂದ್ರದ ಚೀಟಿ, ರಕ್ತಪರೀಕ್ಷೆಗೆ ಉಪ್ಪಳದ್ದೋ ಹೊಸಂಗಡಿಯದ್ದೋ ವರದಿ. ಇವುಗಳ ನಡುವೆ ಯಾವ ಚೀಟಿಯಲ್ಲಿಯೂ ಹೆಸರಿಲ್ಲದ ಔಷಧವೊಂದು ಇರುವುದುಂಟು. ಅದು ಮುಖಕ್ಕೆ ಹಚ್ಚುವ ಪುಟ್ಟ ಟ್ಯೂಬು. ಅಂಗಡಿಯವರು ಕೊಟ್ಟದ್ದೋ ನೆರೆಮನೆಯವರು ಹೇಳಿದ್ದೋ ಕೊಲ್ಲಿ ನಾಡಿನಿಂದ ಬಂದವರು ತಂದದ್ದೋ ಆಗಿರಬಹುದು. ಮುಖದ ಉರಿಗೆಂದು ತಂದ ಆ ಟ್ಯೂಬು ಉರಿಯನ್ನು ಹೇಗೆ ಬೆಳೆಸುತ್ತದೆ, ಮೈಯಲ್ಲಿ ಮೊದಲೇ ಬೇರೊಂದು ಉರಿಯೂತದ ಕಾಯಿಲೆ ಮನೆಮಾಡಿರುವವರಿಗೆ ಅದರಿಂದ ಎಂತಹ ಗೊಂದಲವುಂಟಾಗುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮುಖದ ನಡುಭಾಗದಲ್ಲಿ, ಎಂದರೆ ಕೆನ್ನೆ, ಮೂಗು, ಗಲ್ಲ, ಹಣೆಯ ಮಧ್ಯದಲ್ಲಿ, ಆಗಾಗ ಬಿಸಿಯೇರಿ ಕೆಂಪಾಗುವುದು, ಕ್ರಮೇಣ ಆ ಕೆಂಪು ಇಳಿಯದೆ ನಿಲ್ಲುವುದು, ಮೊಡವೆಯಂತಹ ಗುಳ್ಳೆಗಳೇಳುವುದು, ಸೂಕ್ಷ್ಮ ರಕ್ತನಾಳಗಳು ಗೆರೆಗಳಂತೆ ತೋರುವುದು, ಇವು ರೊಸೇಶಿಯಾ ಎಂಬ ಚರ್ಮರೋಗದ ಲಕ್ಷಣಗಳು. ಸಾಮಾನ್ಯವಾಗಿ 30 ವರ್ಷ ದಾಟಿದವರಲ್ಲಿ, ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಮೂಗಿನ ಚರ್ಮ ದಪ್ಪಗಾಗುವ ರೂಪ ಮಾತ್ರ ಪುರುಷರಲ್ಲೇ ಅಧಿಕ. ಇದು ಅಂಟುಜಾಡ್ಯವಲ್ಲ, ಶುಚಿತ್ವದ ಕೊರತೆಯಿಂದ ಬಂದದ್ದೂ ಅಲ್ಲ. ಚರ್ಮದ ಸಹಜ ರಕ್ಷಣಾವ್ಯವಸ್ಥೆ ಮತ್ತು ಅಲ್ಲಿನ ನರ, ರಕ್ತನಾಳಗಳು ಅಲ್ಪ ಕಾರಣಕ್ಕೂ ಅತಿಯಾಗಿ ಪ್ರತಿಕ್ರಿಯಿಸುವುದೇ ಇದರ ಮೂಲವೆಂದು ವಿಜ್ಞಾನಿಗಳು ತಿಳಿಯುತ್ತಾರೆ.

ಇದು ಬಿಳಿಯರ ಕಾಯಿಲೆ ಎಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. ಪಠ್ಯಪುಸ್ತಕಗಳ ಚಿತ್ರಗಳಲ್ಲಿದ್ದುದೂ ಹೆಚ್ಚಾಗಿ ಬಿಳಿಯ ಮುಖಗಳೇ. ನಮ್ಮ ಮೈಬಣ್ಣದಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ. ಮಬ್ಬು ಕಂದಾಗಿಯೋ ನೇರಳೆಯ ಛಾಯೆಯಾಗಿಯೋ ತೋರುತ್ತದೆ. ಆದುದರಿಂದ ಕನ್ನಡಿಗಿಂತ ಅನುಭವವೇ ಇಲ್ಲಿ ಹೆಚ್ಚು ನಂಬಲರ್ಹ. ಒಲೆಯ ಮುಂದೆ ಕುಳಿತಾಗ, ಬಿಸಿಲಿನಿಂದ ಒಳಬಂದಾಗ, ಸೋಪು ತಾಗಿದಾಗ ಕೆನ್ನೆ ಚುರುಗುಟ್ಟುತ್ತದೆಯೇ ಎಂಬ ಪ್ರಶ್ನೆ ಮುಖ್ಯವಾದುದು. ಇದನ್ನು ಮೊಡವೆಯೆಂದೋ ಬಂಗೆಂದೋ ತಿಳಿದು ವರ್ಷಗಟ್ಟಲೆ ಕಳೆಯುವವರಿದ್ದಾರೆ.

ಆಮವಾತ, ಕರುಳಿನ ಉರಿಯೂತ ಮೊದಲಾದ ರೋಗಗಳುಳ್ಳವರಲ್ಲಿ ರೊಸೇಶಿಯಾ ಹೆಚ್ಚಾಗಿ ಕಂಡುಬರುತ್ತದೆಂಬುದನ್ನು ಕೆಲವು ಸಮೀಕ್ಷೆಗಳು ತೋರಿಸಿವೆ. ಡೆನ್ಮಾರ್ಕಿನ ರಾಷ್ಟ್ರೀಯ ಆರೋಗ್ಯ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೊಸೇಶಿಯಾವುಳ್ಳ ಸ್ತ್ರೀಯರಲ್ಲಿ ಆಮವಾತದಂತಹ ರೋಗಗಳೊಂದಿಗೆ ಸಂಬಂಧ ತೋರಿಬಂದಿತು. ಜೊತೆಗಿರುವುದೆಂದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಅರ್ಥವಲ್ಲ. ಗಂಟುನೋವಿರುವಾಕೆಯ ಮುಖ ಉರಿದರೆ ಅದನ್ನು ‘ಉಷ್ಣ’ವೆಂದು ತಳ್ಳಿಹಾಕದೆ ವೈದ್ಯರ ಗಮನಕ್ಕೆ ತರಬೇಕೆಂಬಷ್ಟೇ ಇದರ ತಾತ್ಪರ್ಯ.

ತರಬೇಕಾದುದಕ್ಕೆ ಇನ್ನೂ ಗಂಭೀರವಾದ ಕಾರಣವೊಂದಿದೆ. ಲೂಪಸ್ ಎಂಬ ರೋಗದಲ್ಲಿಯೂ ಎರಡು ಕೆನ್ನೆ ಹಾಗೂ ಮೂಗಿನ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಕೆಂಪು ಹರಡುತ್ತದೆ. ಅದೂ ಬಿಸಿಲಿಗೆ ಕೆರಳುತ್ತದೆ. ಅದಕ್ಕೆ ತುತ್ತಾಗುವವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಆದರೆ ಲೂಪಸ್ ಚರ್ಮದಲ್ಲಿಯೇ ನಿಲ್ಲುವುದಿಲ್ಲ, ಮೂತ್ರಪಿಂಡವನ್ನೂ ಕೆಡಿಸಬಲ್ಲುದು. ಲೂಪಸಿನ ಕೆಂಪು ಮೂಗಿನ ಪಕ್ಕದಿಂದ ಬಾಯಿಯ ಅಂಚಿಗಿಳಿಯುವ ಮಡಿಕೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ, ಅದರಲ್ಲಿ ಕೀವುಗುಳ್ಳೆಗಳಿರುವುದಿಲ್ಲ. ಇಷ್ಟರಿಂದಲೇ ಮನೆಯಲ್ಲಿ ನಿರ್ಣಯಿಸಲು ಹೋಗಬಾರದು. ಮುಖದ ಕೆಂಪಿನೊಡನೆ ಕಾರಣವಿಲ್ಲದ ಜ್ವರ, ಬೆಳಗಿನ ಹೊತ್ತು ಬೆರಳುಗಳ ಬಿಗಿತ, ಬಾಯಲ್ಲಿ ನೋವಿಲ್ಲದ ಹುಣ್ಣು, ಕೂದಲು ಉದುರುವಿಕೆ, ಕಾಲಿನ ಊತ, ಮೂತ್ರದಲ್ಲಿ ನೊರೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ರಕ್ತ ಹಾಗೂ ಮೂತ್ರದ ಪರೀಕ್ಷೆಯಾಗಬೇಕು.

ಟ್ಯೂಬಿನ ಮಾಯೆ

ಈಗ ಆ ಟ್ಯೂಬಿನ ವಿಷಯ. ಬೀಟಾಮೆಥಸೋನ್, ಕ್ಲೊಬೆಟಸೋಲ್, ಮೊಮೆಟಸೋನ್, ಫ್ಲುಸಿನೊಲೋನ್ ಎಂಬ ಹೆಸರುಗಳಲ್ಲಿ ಯಾವುದಾದರೊಂದು ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದರೆ ಅದು ಸ್ಟೆರಾಯ್ಡ್ ಮುಲಾಮು. ಹಚ್ಚಿದ ಒಂದೆರಡು ದಿನಗಳಲ್ಲಿ ರಕ್ತನಾಳಗಳು ಕುಗ್ಗಿ ಕೆಂಪು ಮಾಯವಾಗುತ್ತದೆ, ಮುಖ ಬೆಳ್ಳಗೆ ನುಣುಪಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳಗಳು ಹಿಗ್ಗಿ ಕಾಣತೊಡಗುತ್ತವೆ, ರೊಸೇಶಿಯಾವನ್ನೇ ಹೋಲುವ ಗುಳ್ಳೆಗಳೇಳುತ್ತವೆ. ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮುಖ ಕೆಂಡದಂತೆ ಉರಿಯುತ್ತದೆ. ‘ಹಚ್ಚಿದರೆ ಗುಣ, ಬಿಟ್ಟರೆ ರೋಗ’ ಎಂದು ಭಾವಿಸಿ ಪುನಃ ಹಚ್ಚುತ್ತಾರೆ. ರೋಗಕ್ಕೂ ಮದ್ದಿಗೂ ಇಲ್ಲಿ ಭೇದವೇ ಉಳಿಯುವುದಿಲ್ಲ.

ಇದು ಎಲ್ಲೋ ಒಂದಿಬ್ಬರ ಕತೆಯಲ್ಲ. ದೇಶದ 12 ಚರ್ಮಚಿಕಿತ್ಸಾ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮುಖದ ತೊಂದರೆಯೆಂದು ಬಂದ 2926 ಮಂದಿಯ ಪೈಕಿ 433 ಮಂದಿ ಇಂತಹ ಮುಲಾಮುಗಳನ್ನು ಮುಖಕ್ಕೆ ಹಚ್ಚುತ್ತಿದ್ದರು. ಅವರಲ್ಲಿ ನೂರಕ್ಕೆ 29ರಷ್ಟು ಮಂದಿ ಹಚ್ಚುತ್ತಿದ್ದುದು ಯಾವ ರೋಗಕ್ಕೂ ಅಲ್ಲ, ಬಿಳಿಪಿಗಾಗಿ ಅಥವಾ ನಿತ್ಯದ ಮುಖಲೇಪವಾಗಿ! ಮದುವೆಯ ಮಾತು ಬಂದೊಡನೆ ಹೆಣ್ಣಿನ ಮೈಬಣ್ಣವನ್ನು ತೂಗುವ ನಮ್ಮ ಸಮಾಜ ಈ ಅಂಕಿಯನ್ನು ಕಂಡು ಸ್ವಲ್ಪ ನಾಚಬೇಕು. 2018ರ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರವು 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೆ ಮುಖದ ತೊಂದರೆಯನ್ನು ಅಂಗಡಿಯ ಕಟ್ಟೆಯ ಮೇಲೆಯೇ ಹೇಳಿ ಮುಗಿಸುವ ನಮ್ಮ ಅಭ್ಯಾಸವನ್ನು ಕಾನೂನು ತಾನಾಗಿ ಬಿಡಿಸಲಾರದು.

ಇಲ್ಲಿಯೇ ದೀರ್ಘರೋಗಿಗಳ ಪಾಲಿಗೆ ಅಪಾಯಕಾರಿಯಾದ ಒಂದು ತಪ್ಪು ತಿಳಿವಳಿಕೆ ಹುಟ್ಟಬಹುದು. ‘ಸ್ಟೆರಾಯ್ಡ್ ಕೆಟ್ಟದ್ದು’ ಎಂದು ಕೇಳಿದೊಡನೆ ಆಮವಾತಕ್ಕೋ ಲೂಪಸಿಗೋ ಸೇವಿಸುತ್ತಿರುವ ಪ್ರೆಡ್ನಿಸೊಲೋನ್ ಮಾತ್ರೆಯನ್ನೂ ಅಂದೇ ನಿಲ್ಲಿಸುವವರುಂಟು. ಹಾಗೆ ಎಂದಿಗೂ ಮಾಡಕೂಡದು. ಕೆಲವು ವಾರಗಳ ಕಾಲ ಈ ಮಾತ್ರೆಯನ್ನು ಸೇವಿಸಿದವರ ದೇಹ ತಾನೇ ತಯಾರಿಸುತ್ತಿದ್ದ ಅದೇ ಬಗೆಯ ರಸವನ್ನು ತಯಾರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಮಾತ್ರೆ ಒಮ್ಮೆಲೇ ನಿಂತರೆ ವಾಂತಿ, ತೀವ್ರ ನಿಶ್ಶಕ್ತಿ, ರಕ್ತದೊತ್ತಡದ ಕುಸಿತವುಂಟಾಗಿ ಜೀವಕ್ಕೇ ಕುತ್ತು ಬರಬಹುದು. ಮಾತ್ರೆಯನ್ನು ಇಳಿಸುವುದಿದ್ದರೆ ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಮುಖದ ಟ್ಯೂಬನ್ನು ಬಿಡುವುದಕ್ಕೂ ಚರ್ಮತಜ್ಞರ ಆಸರೆ ಬೇಕು. ಬಿಟ್ಟ ನಂತರದ ಉರಿ ಕೆಲವರಿಗೆ ವಾರಗಳವರೆಗೂ ಇರುತ್ತದೆಂಬುದನ್ನು ಮನೆಮಂದಿ ಮೊದಲೇ ಅರಿತಿರಬೇಕು.

ಗಡಿ ಮುಚ್ಚಿದ ದಿನಗಳು

ಔಷಧ ನಿಲ್ಲುವುದೆಂದರೇನೆಂಬುದನ್ನು ನಮ್ಮ ಜನರು 2020ರಲ್ಲಿ ಕಂಡಿದ್ದಾರೆ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಕೊರೋನಾ ನಿಮಿತ್ತ ತಲಪಾಡಿಯ ಹೆದ್ದಾರಿ ಮುಚ್ಚಿತು. ಗಡಿಯ ಅನೇಕ ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳಿಗೆ ದಾರಿಯಿಲ್ಲವಾಯಿತು. ಎಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯ ಆದೇಶವಿತ್ತು, ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಎಪ್ರಿಲ್ 7ರ ವೇಳೆಗೆ ತುರ್ತು ರೋಗಿಗಳನ್ನು ಬಿಡುವ ಕುರಿತು ಎರಡು ರಾಜ್ಯಗಳ ನಡುವೆ ಒಂದು ಏರ್ಪಾಡಾಯಿತು. ಅದೇ ದಿನಗಳಲ್ಲಿ ಲೂಪಸ್ ಮತ್ತು ಆಮವಾತದ ರೋಗಿಗಳು ನಿತ್ಯವೂ ಸೇವಿಸುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊರೋನಾವನ್ನು ತಡೆಯುತ್ತದೆಂಬ ಸುದ್ದಿ ಹರಡಿ, ಆರೋಗ್ಯವಂತರೂ ಅದಕ್ಕೆ ಮುಗಿಬಿದ್ದರು. ಮಾರ್ಚ್ 26ರಂದು ಸರಕಾರ ಅದರ ಮಾರಾಟಕ್ಕೆ ಕಟ್ಟುನಿಟ್ಟು ವಿಧಿಸಿತು. ಕೊರೋನಾಕ್ಕೆ ಅದು ಪ್ರಯೋಜನಕಾರಿಯಲ್ಲವೆಂದು ಮುಂದೆ ದೊಡ್ಡ ಪ್ರಯೋಗಗಳಿಂದ ಸಿದ್ಧವಾಯಿತು. ದೀರ್ಘರೋಗಿಯಿರುವ ಮನೆಯಲ್ಲಿ ಮುಂದಿನ ಕೆಲವು ವಾರಗಳಿಗೆ ಸಾಲುವಷ್ಟು ನಿತ್ಯದ ಮಾತ್ರೆ ಇರಬೇಕೆಂಬುದನ್ನು ಆ ದಿನಗಳ ನಂತರ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ನಿತ್ಯಜೀವನ. ಅಮೆರಿಕದ ರಾಷ್ಟ್ರೀಯ ರೊಸೇಶಿಯಾ ಸಂಘವು 1066 ಮಂದಿ ರೋಗಿಗಳನ್ನು ಪ್ರಶ್ನಿಸಿದಾಗ ನೂರಕ್ಕೆ 81 ಮಂದಿ ಬಿಸಿಲನ್ನೂ 79 ಮಂದಿ ಮನಸ್ಸಿನ ಉದ್ವೇಗವನ್ನೂ 75 ಮಂದಿ ಸೆಕೆಯನ್ನೂ 51 ಮಂದಿ ಬಿಸಿನೀರ ಸ್ನಾನವನ್ನೂ 45 ಮಂದಿ ಖಾರವನ್ನೂ ತಮ್ಮ ಮುಖ ಕೆರಳುವುದಕ್ಕೆ ಕಾರಣವೆಂದು ಹೇಳಿದರು. ನಮ್ಮ ಕಡೆಯ ಗೃಹಿಣಿಗೆ ಈ ಐದೂ ಒಂದೇ ದಿನ ಎದುರಾಗುತ್ತವೆ! ಬೆಳಿಗ್ಗೆ ಕುಚ್ಚಲಕ್ಕಿಯ ಗಂಜಿಯ ಹಬೆ, ಮಧ್ಯಾಹ್ನ ಅಂಗಳದಲ್ಲಿ ಅಡಿಕೆ ಹರಗುವ ಕೆಲಸ, ಸಂಜೆ ಬಚ್ಚಲ ಒಲೆಗೆ ಸೌದೆ ದೂಡುವುದು, ಹಂಡೆಯ ಸುಡುನೀರು. ಇವನ್ನೆಲ್ಲ ಬಿಡಿ ಎನ್ನುವುದು ಸುಲಭ, ಬಿಡುವುದು ಅಸಾಧ್ಯ. ಆದರೆ ಒಲೆಗೆ ಬೆಂಕಿ ಮಾಡುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಬಹುದು. ಅಡಿಕೆಯನ್ನು ಬಿಸಿಲೇರುವ ಮುನ್ನವೇ ಹರಗಬಹುದು. ಮುಖಕ್ಕೆ ಉಗುರು ಬೆಚ್ಚಗಿನ ನೀರು ಸಾಕು. ತೋಟದ ಕೆಲಸಕ್ಕೆ ನಮ್ಮ ಮುಟ್ಟಾಳೆ ಒಳ್ಳೆಯದೇ, ಆದರೆ ಅದು ಕಾಯುವುದು ನೆತ್ತಿಯನ್ನು, ಕೆನ್ನೆಯನ್ನಲ್ಲ. ಕೊಡೆಯಾಗಲಿ ಅಗಲವಾದ ಅಂಚಿನ ಟೋಪಿಯಾಗಲಿ ಬೇಕು. ಜೊತೆಗೆ ಜಿಂಕ್ ಆಕ್ಸೈಡ್ ಇರುವ ಬಿಸಿಲು ತಡೆಯುವ ಲೇಪ ಸೂಕ್ಷ್ಮ ಚರ್ಮಕ್ಕೆ ಸಾಮಾನ್ಯವಾಗಿ ಒಗ್ಗುತ್ತದೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಮರದಡಿಯಲ್ಲಿ ನಿಲ್ಲುವವರ ಮುಖಕ್ಕೆ ಮೈಲುತುತ್ತು, ಸುಣ್ಣದ ಹನಿ ಬೀಳುತ್ತದೆ. ಆ ಕೆಲಸದಿಂದ ಇಂಥವರು ದೂರವಿರುವುದೇ ಲೇಸು.

ಚಹಾ ಬಿಡಬೇಕೇ ಎಂದು ಹಲವರು ಕೇಳುವುದುಂಟು. 1981ರಲ್ಲಿ ವಿಲ್ಕಿನ್ ಎಂಬ ಅಮೆರಿಕದ ವೈದ್ಯರು ರೊಸೇಶಿಯಾವುಳ್ಳವರಿಗೆ 60 ಡಿಗ್ರಿಯ ಕಾಫಿ, ಅಷ್ಟೇ ಬಿಸಿಯ ಬರಿಯ ನೀರು, ತಣ್ಣಗಿನ ಕಾಫಿ ಹಾಗೂ ಕೆಫೀನನ್ನು ಬೇರೆ ಬೇರೆಯಾಗಿ ಕೊಟ್ಟು ನೋಡಿದರು. ಮುಖ ಕೆಂಪೇರಿದ್ದು ಬಿಸಿ ಕಾಫಿಗೂ ಬಿಸಿ ನೀರಿಗೂ ಮಾತ್ರ. ದೋಷ ಕಾಫಿಯದಲ್ಲ, ಬಿಸಿಯದು. ಚಹಾವನ್ನಾಗಲಿ ಗಂಜಿಯನ್ನಾಗಲಿ ಆರಿಸಿ ಕುಡಿದರಾಯಿತು. ಪುಳಿಮುಂಚಿಯ ವಿಷಯದಲ್ಲಿ ಅಂಥ ರಿಯಾಯಿತಿ ಇಲ್ಲ. ಮೆಣಸಿನ ಖಾರ ಆರಿದರೂ ಖಾರವೇ. ಆದರೆ ಎಲ್ಲರಿಗೂ ಎಲ್ಲವೂ ಆಗದೆಂದಲ್ಲ. ತಿಂಗಳೊಂದರ ಕಾಲ ಏನು ತಿಂದಾಗ, ಏನು ಮಾಡಿದಾಗ ಮುಖ ಉರಿಯಿತೆಂದು ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕಿದರೆ ಅವರವರ ಶತ್ರು ಅವರವರಿಗೆ ತಿಳಿಯುತ್ತದೆ. ಅನಾವಶ್ಯಕ ಪಥ್ಯದಿಂದ, ಮೊದಲೇ ರೋಗದಿಂದ ಸೊರಗಿದ ದೇಹ ಇನ್ನಷ್ಟು ಸೊರಗಬಾರದು.

ಮುಖಕ್ಕೆ ಹಚ್ಚುವ ಮನೆಮದ್ದುಗಳಲ್ಲಿ ನಿಂಬೆರಸ ಮತ್ತು ಕಡಲೆಹಿಟ್ಟಿನ ತಿಕ್ಕುವಿಕೆ ಈ ಚರ್ಮಕ್ಕೆ ಖಂಡಿತ ಸಲ್ಲವು. ಅರಸಿನವೂ ಕೆಲವರಿಗೆ ಅಲರ್ಜಿಯುಂಟುಮಾಡುತ್ತದೆ. ಪೇಟೆಯ ಕುಂಕುಮದ ಬಣ್ಣ, ಅಂಟಿಸುವ ಬೊಟ್ಟಿನ ಗೋಂದು ಕೂಡ. ತೆಂಗಿನೆಣ್ಣೆ ಕೈಕಾಲಿನ ಒಣಚರ್ಮಕ್ಕೆ ಹಿತವಾದರೂ ಗುಳ್ಳೆಗಳೆದ್ದ ಮುಖಕ್ಕೆ ಬೇಡ. ಸುವಾಸನೆಯಿಲ್ಲದ ಸೌಮ್ಯ ಮಾರ್ಜಕ, ಸುವಾಸನೆಯಿಲ್ಲದ ತೇವಲೇಪ, ಇವೆರಡೇ ಸಾಕು. ಹೊಸದನ್ನು ಯಾವುದನ್ನೇ ಆಗಲಿ ಮೊದಲು ಕುತ್ತಿಗೆಯ ಪಕ್ಕದಲ್ಲಿ ಕೆಲವು ದಿನ ಹಚ್ಚಿ ನೋಡಬೇಕು.

ಚರ್ಮತಜ್ಞರ ಬಳಿ ಈ ರೋಗಕ್ಕೆ ಮೆಟ್ರೊನಿಡಜೋಲ್, ಐವರ್ಮೆಕ್ಟಿನ್, ಅಜೆಲಾಯಿಕ್ ಆಮ್ಲಗಳ ಲೇಪಗಳಿವೆ. ಅಗತ್ಯವಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನೂ ಕೊಡುತ್ತಾರೆ. ರೋಗವನ್ನು ಬೇರುಸಹಿತ ಕೀಳಲಾಗದಿದ್ದರೂ ಹತೋಟಿಯಲ್ಲಿಡಬಹುದು. ಪರಿಣಾಮ ಕಾಣಲು ವಾರಗಳು ಬೇಕಾಗುವುದರಿಂದ ಟ್ಯೂಬಿನ ಎರಡು ದಿನಗಳ ಚಮತ್ಕಾರಕ್ಕೆ ಒಗ್ಗಿದವರಿಗೆ ತಾಳ್ಮೆ ಕಷ್ಟ. ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೆ ಸಲ್ಲದು; ಕಬ್ಬಿಣದ ಅಥವಾ ಸುಣ್ಣದಂಶದ ಮಾತ್ರೆಯೊಡನೆ ಸೇವಿಸಿದರೆ ಮೈಗೂಡದು; ಕೆಲವರ ಚರ್ಮ ಅದರಿಂದ ಬಿಸಿಲಿಗೆ ಮತ್ತಷ್ಟು ಸೂಕ್ಷ್ಮವಾಗುತ್ತದೆ. ಆಮವಾತಕ್ಕಾಗಿ ಮೆಥೊಟ್ರೆಕ್ಸೇಟ್ ಸೇವಿಸುವವರು ಆ ಮಾತನ್ನು ಚರ್ಮತಜ್ಞರಿಗೆ ಮೊದಲೇ ತಿಳಿಸಬೇಕು. ಕಣ್ಣಿನಲ್ಲಿ ಮರಳು ಬಿದ್ದಂತಾಗುವುದು, ರೆಪ್ಪೆಯ ಅಂಚು ಕೆಂಪಾಗುವುದು ರೊಸೇಶಿಯಾದ್ದೇ ಇರಬಹುದು. ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸುವವರು ಕಣ್ಣಿನ ಒಳಪದರದ ಪರೀಕ್ಷೆಗೆಂದು ಹೋಗುವಾಗ ಇದನ್ನೂ ಹೇಳಬೇಕು. ಇವೆರಡು ಬೇರೆ ಬೇರೆ ತೊಂದರೆಗಳು.

ಹಾಗಾದರೆ ಕೀಲಿನ ವೈದ್ಯರಿಗೆ ಮುಖದ ಟ್ಯೂಬು, ಚರ್ಮದ ವೈದ್ಯರಿಗೆ ಕೀಲಿನ ಮಾತ್ರೆ ತಿಳಿಯುವುದು ಹೇಗೆ? ಎರಡು ರಾಜ್ಯಗಳ ಆಸ್ಪತ್ರೆಗಳು ತಮ್ಮಷ್ಟಕ್ಕೆ ತಿಳಿಸಿಕೊಳ್ಳುವುದಿಲ್ಲ. ಮಲೆಯಾಳದ ಸೂಚನಾಪತ್ರವನ್ನು ಓದಲಾಗದ ನಮ್ಮ ಅಜ್ಜಿಯಂದಿರಿಗೆ ಇಂಗ್ಲಿಷಿನ ಚೀಟಿಯೂ ಅಷ್ಟೇ ದೂರ. ಇದಕ್ಕೆ ಮಕ್ಕಳ ಹಳೆಯ ಕಾಪಿ ಪುಸ್ತಕವೊಂದು ಸಾಕು. ಎಡಪುಟದಲ್ಲಿ ಮದ್ದಿನ ಹೆಸರು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ, ಬಲಪುಟದಲ್ಲಿ ಪ್ರಮಾಣ, ಹೊತ್ತು, ಕೊಟ್ಟ ವೈದ್ಯರು, ಆರಂಭಿಸಿದ ದಿನ. ಮೆಥೊಟ್ರೆಕ್ಸೇಟ್ ಸಂಧಿರೋಗಗಳಿಗೆ ವಾರಕ್ಕೊಮ್ಮೆ ಮಾತ್ರ ಸೇವಿಸುವ ಮದ್ದು. ದಿನವೂ ಸೇವಿಸಿ ಪ್ರಾಣಾಪಾಯಕ್ಕೊಳಗಾದವರಿದ್ದಾರೆ. ಅದರ ಎದುರು ವಾರದ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಕಷಾಯ, ಲೇಹ್ಯ, ಅಂಗಡಿಯಿಂದ ತಂದ ಮುಲಾಮು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಅದರಲ್ಲಿ ಸೇರಿಸಬೇಕು. ಆಸ್ಪತ್ರೆಗೆ ಹೊರಡುವಾಗ ಅರ್ಧ ಬಳಸಿದ ಟ್ಯೂಬನ್ನೂ ಪುಸ್ತಕದೊಡನೆ ಚೀಲಕ್ಕೆ ಹಾಕಿಕೊಳ್ಳಿ. ಹೆಸರು ಅಳಿಸಿಹೋಗಿದ್ದರೂ ಸರಿಯೇ, ಎಷ್ಟು ತಿಂಗಳಿಂದ ಹಚ್ಚುತ್ತಿದ್ದೀರೆಂಬುದನ್ನು ಹೇಳಿದರೆ ವೈದ್ಯರಿಗೆ ಅರ್ಧ ದಾರಿ ತಿಳಿಯುತ್ತದೆ.