ಎಳೆ ಕಡಿದಾಗ ನಿಲ್ಲುವ ಮಗ್ಗ

ಹಾಸಿನ ಎಳೆಯೊಂದು ಕಡಿದರೆ ನೇಕಾರನು ಮಗ್ಗವನ್ನು ನಿಲ್ಲಿಸುತ್ತಾನೆ. ಕಡಿದ ತುದಿಗಳನ್ನು ಹುಡುಕಿ, ಗಂಟು ಹಾಕಿ, ಅನಂತರವೇ ನೇಯ್ಗೆಯನ್ನು ಮುಂದುವರಿಸುತ್ತಾನೆ. ಆದರೆ ಒಂದು ಮಗ್ಗದ ಎಳೆ ಕಡಿಯಿತೆಂದು ಇಡೀ ಕಾರ್ಖಾನೆಯನ್ನು ಯಾರೂ ಮುಚ್ಚುವುದಿಲ್ಲ. ನಮ್ಮ ದೇಹದ ಜೀವಕೋಶಗಳೂ ಇದೇ ವಿವೇಕವನ್ನು ಪಾಲಿಸುತ್ತವೆ.

ಕೋಶಕೇಂದ್ರವುಳ್ಳ ನಮ್ಮ ಸಾಮಾನ್ಯ ಜೀವಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ 46 ವರ್ಣತಂತುಗಳಾಗಿ ಅಡಕವಾಗಿದೆ. ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿಕೊಂಡ ಈ ಜೋಡಿ ಎಳೆಯಲ್ಲಿಯೇ ವಂಶವಾಹಿಗಳಿವೆ. ವಂಶವಾಹಿಯೊಂದು ಕ್ರಿಯಾಶೀಲವಾಗಿದೆ ಎಂದರೆ, ಪಾಲಿಮರೇಸ್ ಎಂಬ ಕಿಣ್ವವು ಅದರ ಮೇಲೆ ಸಾಗುತ್ತ ಅಲ್ಲಿಯ ಬರಹವನ್ನು ಆರ್‌ಎನ್‌ಎ ಆಗಿ ನಕಲಿಸುತ್ತಿದೆ ಎಂದರ್ಥ. ಎಕ್ಸ್-ಕಿರಣಗಳು, ಕೆಲವು ರಾಸಾಯನಿಕಗಳು, ಕೋಶದೊಳಗಿನ ನಿತ್ಯದ ಕ್ರಿಯೆಗಳು ಕೂಡ ಡಿಎನ್‌ಎಯನ್ನು ಗಾಸಿಗೊಳಿಸುತ್ತವೆ. ಎರಡು ಎಳೆಗಳೂ ಒಂದೆಡೆಯಲ್ಲಿಯೇ ತುಂಡಾಗುವುದು ಇವುಗಳಲ್ಲಿ ಅತ್ಯಂತ ಅಪಾಯಕಾರಿ.

ಹಾಗೆ ತುಂಡಾದಾಗ ನೆರೆಯ ವಂಶವಾಹಿಗಳ ಗತಿಯೇನು? ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರೋಜರ್ ಗ್ರೀನ್‌ಬರ್ಗ್ ಅವರ ತಂಡವು 2010ರಲ್ಲಿ ಇದನ್ನು ಸೂಕ್ಷ್ಮದರ್ಶಕದಡಿ ಕಣ್ಣಿಗೆ ಕಾಣಿಸಿತು. ಮಾನವ ಕೋಶಗಳ ವರ್ಣತಂತುವಿಗೆ ಒಂದು ವಂಶವಾಹಿಯನ್ನು ಸೇರಿಸಿ, ಅದು ಆರ್‌ಎನ್‌ಎಯನ್ನು ಹುಟ್ಟಿಸುತ್ತಿರುವಾಗ ಅಲ್ಲಿ ಹಳದಿ ಬೆಳಕಿನ ಚುಕ್ಕೆ ಮೂಡುವಂತೆ ಏರ್ಪಡಿಸಲಾಗಿತ್ತು. ಬಳಿಕ ಆ ವಂಶವಾಹಿಯನ್ನು ಮುಟ್ಟದೆ, ಅದರಿಂದ ಸಾವಿರಾರು ಅಕ್ಷರಗಳಷ್ಟು ಆಚೆ ಡಿಎನ್‌ಎಯನ್ನು ಕತ್ತರಿಸಲಾಯಿತು. ವಂಶವಾಹಿ ಅಖಂಡವಾಗಿಯೇ ಇತ್ತು. ಆದರೂ ಹೆಚ್ಚಿನ ಕೋಶಗಳಲ್ಲಿ ಆ ಚುಕ್ಕೆ ನಂದಿಹೋಯಿತು.

ಈ ಮೌನಕ್ಕೆ ಆಜ್ಞೆ ಕೊಡುವುದು ಎಟಿಎಂ ಎಂಬ ಕಿಣ್ವ. ಹಣ ನೀಡುವ ಯಂತ್ರಕ್ಕೂ ಇದಕ್ಕೂ ಹೆಸರೊಂದರ ಹೊರತು ನಂಟಿಲ್ಲ. ತುಂಡಾದ ಸ್ಥಳದಲ್ಲಿ ಎಟಿಎಂ ಎಚ್ಚೆತ್ತು ಸುತ್ತಲಿನ ಪ್ರೋಟೀನುಗಳಿಗೆ ಗುರುತು ಹಾಕುತ್ತದೆ. ಆ ಗುರುತನ್ನು ಅನುಸರಿಸಿ ಬರುವ ಬೇರೆ ಕಿಣ್ವಗಳು ಹಿಸ್ಟೋನುಗಳಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಅಂಟಿಸುತ್ತವೆ. ಡಿಎನ್‌ಎಯ ಸುರುಳಿ ಅಲ್ಲಿ ಸಡಿಲಗೊಳ್ಳದೆ ಬಿಗಿಯಾಗಿ ಉಳಿಯುತ್ತದೆ. ಪಾಲಿಮರೇಸ್ ಮುಂದೆ ಸಾಗಲಾರದು. ಔಷಧಿಯಿಂದ ಎಟಿಎಂ ಅನ್ನು ತಡೆದಾಗ, ಡಿಎನ್‌ಎ ತುಂಡಾಗಿದ್ದರೂ ನಕಲು ನಡೆದೇ ಇತ್ತು. ರಿಪೇರಿ ನಡೆಯುವ ಜಾಗದಲ್ಲಿ ಹೀಗೆ ನಕಲು ಮುಂದುವರಿದರೆ ಎರಡು ಕೆಲಸಗಳೂ ಒಂದಕ್ಕೊಂದು ಅಡ್ಡಬಂದಾವು. ಅರೆಬರೆ ಆರ್‌ಎನ್‌ಎಗಳೂ ಹುಟ್ಟಿಯಾವು.

ಮೌನ ಹೇರುವುದಷ್ಟೇ ಸಾಲದು, ಹೊತ್ತಿಗೆ ಸರಿಯಾಗಿ ಅದನ್ನು ಮುರಿಯಲೂ ಬೇಕು. ಕತ್ತರಿಸುವಿಕೆ ನಿಂತು ಎಳೆ ಕೂಡತೊಡಗಿದಾಗ ಯುಎಸ್‌ಪಿ-16 ಎಂಬ ಇನ್ನೊಂದು ಕಿಣ್ವವು ಯುಬಿಕ್ವಿಟಿನ್ ಅನ್ನು ಕಳಚುತ್ತದೆ. ಚುಕ್ಕೆ ಮತ್ತೆ ಹೊಳೆಯುತ್ತದೆ. ಈ ಕಿಣ್ವವು ಕಡಮೆಯಾದ ಕೋಶಗಳಲ್ಲಿ ವಂಶವಾಹಿಯು ಮರಳಿ ಕೆಲಸಕ್ಕೆ ತೊಡಗಲಾರದೆ ಹೋಯಿತು.

ಎಟಿಎಂ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಈ ಅಪರೂಪದ ಕಾಯಿಲೆಗೆ ಕಾರಣವಾದ ವಂಶವಾಹಿಯನ್ನು ಟೆಲ್ ಅವೀವ್ ವಿಶ್ವವಿದ್ಯಾಲಯದ ಯೋಸೆಫ್ ಶಿಲೋ ಅವರ ತಂಡವು 1995ರಲ್ಲಿ ಗುರುತಿಸಿತು. ತಾಯಿತಂದೆ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬಂದಾಗ ಮಾತ್ರ ರೋಗ ತೋರುವುದರಿಂದ, ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ನಡೆಯಲು ಕಲಿತ ಮಗು ಓಲಾಡತೊಡಗುತ್ತದೆ. ಕಣ್ಣಿನ ಬಿಳಿಯಲ್ಲಿ ಕೆಂಪು ನರಗಳು ಎದ್ದು ಕಾಣುತ್ತವೆ. ಹಲವರಲ್ಲಿ ರೋಗನಿರೋಧಕ ಶಕ್ತಿ ಕುಂದುತ್ತದೆ, ರಕ್ತದ ಕ್ಯಾನ್ಸರಿನ ಭಯವೂ ಹೆಚ್ಚುತ್ತದೆ. ಎಟಿಎಂ ಮಾಡುವ ಕೆಲಸಗಳು ಅನೇಕ. ಆದ್ದರಿಂದ ಮೌನ ತಪ್ಪಿದ್ದೊಂದೇ ಈ ರೋಗಕ್ಕೆ ಮೂಲವೆನ್ನಲಾಗದು. ಆದರೆ ಕಡಿದ ಎಳೆಯ ಸುದ್ದಿ ಮುಟ್ಟಿಸುವವನೇ ಇಲ್ಲದ ಕೋಶವು ವಿಕಿರಣವನ್ನು ತಾಳದು ಎಂಬುದು ನಿಶ್ಚಿತ. ಇಂಥ ರೋಗಿಗಳಿಗೆ ವಾಡಿಕೆಯ ಪ್ರಮಾಣದ ವಿಕಿರಣ ಚಿಕಿತ್ಸೆಯೂ ಪ್ರಾಣಾಂತಿಕವಾಗಬಲ್ಲದು. ಓಲಾಡುತ್ತ ನಡೆಯುವ ಮಗುವಿನಲ್ಲಿ ಈ ರೋಗವಿದೆಯೆಂದು ಮೊದಲೇ ತಿಳಿದರೆ, ಅನಗತ್ಯ ಎಕ್ಸ್-ಕಿರಣಗಳಿಂದಲಾದರೂ ಅದನ್ನು ದೂರವಿಡಬಹುದು.