ಪರೀಕ್ಷೆಯ ಓದಿನಲ್ಲಿ ಮನಸ್ಸು

ಪರೀಕ್ಷೆಗಳು ಹತ್ತಿರವಾದಂತೆ ಉಪಾಧ್ಯಾಯರಾದ ನಮ್ಮ ಬಳಿಗೆ ಬರುವ ತಾಯಿತಂದೆಗಳು ಸಾಮಾನ್ಯವಾಗಿ ಒಂದೇ ಮಾತನ್ನು ಹೇಳುತ್ತಾರೆ: “ಮೇಷ್ಟರೇ, ಹುಡುಗನಿಗೆ ಬುದ್ಧಿಗೇನೂ ಕಡಮೆಯಿಲ್ಲ, ಓದಬೇಕೆಂಬ ಮನಸ್ಸೊಂದಿಲ್ಲ. ತಾವು ನಾಲ್ಕು ಬುದ್ಧಿಮಾತು ಹೇಳಬೇಕು.” ನಾವು ಹೇಳುತ್ತೇವೆ. ಹುಡುಗನು ತಲೆ ತಗ್ಗಿಸಿ ಕೇಳುತ್ತಾನೆ. ಆ ರಾತ್ರಿ ಹನ್ನೊಂದು ಗಂಟೆಯವರೆಗೆ ಅವನ ಕೋಣೆಯಲ್ಲಿ ದೀಪ ಉರಿಯುತ್ತದೆ. ಮೂರನೆಯ ದಿನಕ್ಕೆ ಮತ್ತೆ ಹಳೆಯ ಕಥೆಯೇ. ಬಹುಕಾಲ ಈ ಕೆಲಸವನ್ನು ಮಾಡಿದ ಮೇಲೆ, ದೋಷವು ಹುಡುಗನಲ್ಲಿ ಮಾತ್ರವಲ್ಲ, ನಮ್ಮ ಬುದ್ಧಿಮಾತಿನಲ್ಲಿಯೂ ಇದ್ದೀತೆಂಬ ಸಂದೇಹ ನಮಗೆ ಹುಟ್ಟಿದೆ. ಈ ಹೊತ್ತು ಆ ಸಂದೇಹವನ್ನೇ ಶ್ರೋತೃಗಳ ಮುಂದಿಟ್ಟು ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ಮೊದಲು ಮನಸ್ಸು ಬರಬೇಕು, ಆಮೇಲೆ ಓದು ಸಾಗುತ್ತದೆ ಎಂಬುದು ನಾವೆಲ್ಲರೂ ನಂಬಿರುವ ಮಾತು. ವಿದ್ಯಾರ್ಥಿಯೂ ಇದನ್ನೇ ನಂಬಿ ಹುಮ್ಮಸ್ಸು ಬರುವ ಶುಭಮುಹೂರ್ತಕ್ಕಾಗಿ ಕಾದಿರುತ್ತಾನೆ. ಅದು ಬಾರದೆ ಹೋದಾಗ, ತಾನು ಸೋಮಾರಿಯೆಂದು ಇತರರು ಹೇಳುವುದು ನಿಜವೇ ಇರಬೇಕೆಂದು ತೀರ್ಮಾನಿಸಿಕೊಳ್ಳುತ್ತಾನೆ. ಆದರೆ ಬಹುಮಟ್ಟಿಗೆ ಸಂಗತಿ ಇದಕ್ಕೆ ವಿಪರೀತವಾಗಿದೆ. ಸ್ವಲ್ಪ ಓದಿ, ಓದಿದ್ದು ತನಗೆ ಬಂದಿತೆಂದು ಕಣ್ಣಿಗೆ ಕಂಡ ಮೇಲೆ ಮನಸ್ಸು ಹಿಂದಿನಿಂದ ಬರುತ್ತದೆ. ಹುಮ್ಮಸ್ಸು ಓದಿನ ಬಂಡವಾಳವೆನ್ನುವುದಕ್ಕಿಂತ ಓದಿನ ಲಾಭವೆನ್ನುವುದೇ ಹೆಚ್ಚು ಸರಿ.

ಮೈಸೂರಿನ ಶ್ರೋತೃಗಳಿಗೆ ಮನಶ್ಶಾಸ್ತ್ರವು ಅಪರಿಚಿತವಲ್ಲ. 1935ರಲ್ಲಿ ಇಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಆ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಪ್ರಕೃತ ವಿಷಯದಲ್ಲಿ ಆ ಶಾಸ್ತ್ರದ ಪ್ರಯೋಗಗಳು ಏನು ಹೇಳುತ್ತವೆಂಬುದನ್ನು ನೋಡೋಣ.

1981ರಲ್ಲಿ ಅಮೆರಿಕದ ಬಂಡೂರ ಮತ್ತು ಶಂಕ್ ಎಂಬ ಇಬ್ಬರು ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಳೆಯುವ ಲೆಕ್ಕದಲ್ಲಿ ಹಿಂದೆ ಬಿದ್ದು, ಗಣಿತದಲ್ಲಿ ಆಸಕ್ತಿಯಿಲ್ಲದಿದ್ದ ಚಿಕ್ಕ ಮಕ್ಕಳನ್ನು ಅವರು ಆರಿಸಿಕೊಂಡರು. ಎಲ್ಲರಿಗೂ ಕೊಟ್ಟ ಅಭ್ಯಾಸ ಒಂದೇ: 42 ಪುಟಗಳು, ಏಳು ಅವಧಿಗಳು. ಒಂದು ಗುಂಪಿಗೆ “ಪ್ರತಿ ಅವಧಿಯಲ್ಲಿ ಆರು ಪುಟ ಮುಗಿಸುವ ಗುರಿಯಿಟ್ಟುಕೊಳ್ಳಿ” ಎಂದು ಸೂಚಿಸಿದರು. ಇನ್ನೊಂದಕ್ಕೆ “ಏಳನೆಯ ಅವಧಿ ಮುಗಿಯುವುದರೊಳಗೆ 42 ಪುಟಗಳನ್ನು ಮುಗಿಸುವ ಗುರಿಯಿಟ್ಟುಕೊಳ್ಳಿ” ಎಂದರು. ಮತ್ತೊಂದಕ್ಕೆ ಗುರಿಯನ್ನೇ ಹೇಳಲಿಲ್ಲ. ಏಳಾರು ನಲವತ್ತೆರಡೆಂಬುದು ಎಲ್ಲರಿಗೂ ತಿಳಿದದ್ದೇ. ಲೆಕ್ಕಕ್ಕೆ ಎರಡು ಗುರಿಗಳೂ ಒಂದೇ. ಆದರೆ ಫಲ ಒಂದೇ ಆಗಲಿಲ್ಲ. ಹತ್ತಿರದ ಗುರಿಯಿದ್ದ ಮಕ್ಕಳು ಉಳಿದವರನ್ನು ಬಹುದೂರ ಹಿಂದೆ ಹಾಕಿದರು. ಅದಕ್ಕಿಂತ ಗಮನಿಸತಕ್ಕ ಸಂಗತಿ ಮತ್ತೊಂದು: ಆಮೇಲೆ, ಯಾರ ಬಲಾತ್ಕಾರವೂ ಇಲ್ಲದೆ, ತಾವಾಗಿ ಹೆಚ್ಚು ಲೆಕ್ಕಗಳನ್ನು ಮಾಡಿದವರೂ ಇವರೇ. ದೂರದ ಗುರಿಯಿದ್ದವರಾದರೋ ಗುರಿಯೇ ಇಲ್ಲದವರಿಗಿಂತ ಹೇಳಿಕೊಳ್ಳುವಷ್ಟು ಮುಂದೆ ಹೋಗಲಿಲ್ಲ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಗುರಿಗಳು ಎಂಥವು? “ನೂರಕ್ಕೆ ತೊಂಬತ್ತು ಬರಬೇಕು”, “ಡಾಕ್ಟರಾಗಬೇಕು”, “ಮನೆತನದ ಹೆಸರು ಉಳಿಸಬೇಕು.” ಇವು ಕೆಟ್ಟ ಗುರಿಗಳಲ್ಲ, ದೂರದ ಗುರಿಗಳು. ಈ ಸಂಜೆ ಆರು ಗಂಟೆಗೆ ಪುಸ್ತಕದ ಮುಂದೆ ಕುಳಿತವನಿಗೆ ಇವುಗಳಿಂದ ದೊರೆಯುವ ಸಹಾಯ ಬಹಳ ಸ್ವಲ್ಪ. ಗೋಡೆಗೆ ಅಂಟಿಸಿದ ಬಣ್ಣಬಣ್ಣದ ವೇಳಾಪಟ್ಟಿಯದೂ ಇದೇ ಗತಿ. ಒಂದು ದಿನ ತಪ್ಪಿದೊಡನೆ ಪಟ್ಟಿಯೆಲ್ಲವೂ ಕೆಡುತ್ತದೆ, ಆರಂಭಶೂರತ್ವವೆಂಬ ಬಿರುದು ಮಾತ್ರ ಉಳಿಯುತ್ತದೆ. “ಇಂದು ಗಣಿತ ಓದುತ್ತೇನೆ” ಎನ್ನುವುದಕ್ಕೆ ಬದಲಾಗಿ “ಊಟಕ್ಕೆ ಮುಂಚೆ ವರ್ಗಸಮೀಕರಣದ ನಾಲ್ಕು ಲೆಕ್ಕ ಮಾಡುತ್ತೇನೆ” ಎಂದುಕೊಳ್ಳಲಿ. ಮೊಬೈಲನ್ನು ಆ ಹೊತ್ತಿಗೆ ಬೇರೆ ಕೋಣೆಯಲ್ಲಿಡಲಿ. ನಾಲ್ಕು ಮುಗಿದಾಗ ಮುಗಿಯಿತೆಂದು ಗುರುತುಹಾಕಲಿ. ಹನಿ ಹನಿ ಕೂಡಿದರೆ ಹಳ್ಳವೆಂಬುದು ನಮ್ಮ ಹಿರಿಯರು ಕಂಡ ಮಾತೇ ಆಗಿದೆ.

ಇಷ್ಟಾದರೂ ಕೆಲವರು, “ದಿನವೂ ಓದುತ್ತೇನೆ, ಒಂದೂ ನೆನಪಿನಲ್ಲಿ ನಿಲ್ಲುವುದಿಲ್ಲ, ಓದಿ ಏನು ಪ್ರಯೋಜನ?” ಎನ್ನುವುದುಂಟು. ಹುಮ್ಮಸ್ಸು ಬತ್ತಿಹೋಗುವುದಕ್ಕೆ ಇದು ಎರಡನೆಯ ಕಾರಣ. ಮರೆಯುವುದು ಮಂದಬುದ್ಧಿಯ ಗುರುತಲ್ಲವೆಂಬುದನ್ನು ಇಂಥವರು ಮೊದಲು ತಿಳಿಯಬೇಕು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಉರುಹೊಡೆದು, ಕಾಲ ಕಳೆದಂತೆ ಎಷ್ಟು ಉಳಿಯುತ್ತದೆಂದು ಅಳೆದು, 1885ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಒಂದು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒಂದು ದಿನದ ಮೇಲೆ ಸುಮಾರು ಮೂರರಲ್ಲೊಂದು ಪಾಲು ಉಳಿದಿತ್ತು. ಆದರೆ ಒಂದು ತಿಂಗಳ ಮೇಲೂ ಸುಮಾರು ಐದರಲ್ಲೊಂದು ಪಾಲು ಉಳಿದೇ ಇತ್ತು. ಅರ್ಥವುಳ್ಳ ಪಾಠಕ್ಕೆ ಈ ಅಂಕಿಗಳು ಹಾಗೆಯೇ ಸಲ್ಲವಾದರೂ, ಮರೆವು ಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ನಡೆಯುತ್ತದೆಂಬ ತತ್ತ್ವ ನಿಂತಿದೆ. ಆದುದರಿಂದ ಓದಿದ್ದನ್ನು ಮರುದಿನವೇ ಒಮ್ಮೆ ತಿರುವಿಹಾಕುವುದು ಲೇಸು.

ತಿರುವಿಹಾಕುವುದೆಂದರೆ ಪುಟಗಳನ್ನು ಮತ್ತೆ ಓದುವುದಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಓದಿಸಿದರು. ಅನಂತರ ಕೆಲವನ್ನು ಮತ್ತೊಮ್ಮೆ ಓದುವಂತೆಯೂ, ಕೆಲವನ್ನು ಪುಸ್ತಕ ನೋಡದೆ ನೆನಪಿದ್ದಷ್ಟು ಬರೆಯುವಂತೆಯೂ ಹೇಳಿದರು. ಐದು ನಿಮಿಷಗಳ ಮೇಲೆ ಪರೀಕ್ಷಿಸಿದಾಗ ಮತ್ತೆ ಓದಿದ್ದರಲ್ಲಿ ನೂರಕ್ಕೆ 81 ಪಾಲೂ, ಬರೆದದ್ದರಲ್ಲಿ 75 ಪಾಲೂ ನೆನಪಿಗೆ ಬಂದುವು. ಒಂದು ವಾರದ ಮೇಲೆ ಪರೀಕ್ಷಿಸಿದಾಗ ಫಲ ತಲೆಕೆಳಗಾಗಿತ್ತು: ಮತ್ತೆ ಓದಿದ್ದರಲ್ಲಿ ಉಳಿದದ್ದು 42, ಬರೆದದ್ದರಲ್ಲಿ 56. ಮತ್ತೆ ಓದಿದಾಗ ಪಾಠವು ಪರಿಚಿತವಾಗಿ ಕಾಣುತ್ತದೆ. ಪರಿಚಯವನ್ನೇ ನಾವು ಜ್ಞಾನವೆಂದು ಭ್ರಮಿಸುತ್ತೇವೆ. ಪ್ರಶ್ನಪತ್ರಿಕೆ ಕೈಗೆ ಬಂದಾಗ ಭ್ರಮೆ ಹರಿಯುತ್ತದೆ. ಅದರೊಡನೆ ಧೈರ್ಯವೂ ಹೋಗುತ್ತದೆ. ಪುಸ್ತಕ ಮುಚ್ಚಿ ಬರೆಯುವುದು ಕಷ್ಟವೇನೋ ನಿಜ. ಆದರೆ ತನಗೆ ಏನು ಬರುತ್ತದೆ, ಏನು ಬರುವುದಿಲ್ಲವೆಂಬುದು ಅದರಿಂದ ಮಾತ್ರ ತಿಳಿಯುತ್ತದೆ.

ಇನ್ನು ಬಹುಮಾನದ ವಿಚಾರ. “ಮೊದಲನೆಯ ದರ್ಜೆ ಬಂದರೆ ಬೈಸಿಕಲ್ಲು ಕೊಡಿಸುತ್ತೇನೆ” ಎಂದು ಒಪ್ಪಂದ ಮಾಡಿಕೊಳ್ಳುವ ತಂದೆಯರಿದ್ದಾರೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬವರು ಚಿತ್ರ ಬರೆಯುವುದರಲ್ಲಿ ಸಹಜವಾದ ಆಸೆಯಿದ್ದ ಶಿಶುವಿಹಾರದ ಮಕ್ಕಳನ್ನು ಪರೀಕ್ಷಿಸಿದರು. ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮುಂಚಿತವಾಗಿ ಆಸೆ ತೋರಿಸಲ್ಪಟ್ಟ ಮಕ್ಕಳು, ಕೆಲವು ದಿನಗಳ ಮೇಲೆ, ಬಿಡುವಿನಲ್ಲಿ ಚಿತ್ರಕ್ಕೆ ಕೊಟ್ಟ ಕಾಲವು ಉಳಿದವರು ಕೊಟ್ಟದ್ದರ ಅರ್ಧದಷ್ಟು ಮಾತ್ರವಾಗಿತ್ತು. ಹೇಳದೆ ಕೊಟ್ಟ ಪತ್ರದಿಂದ ಇಂಥ ಹಾನಿಯಾಗಲಿಲ್ಲ. ಆದುದರಿಂದ ಬಹುಮಾನವೇ ಬೇಡವೆಂದು ನಾವು ಹೇಳುವುದಿಲ್ಲ. ಇರುವ ಪ್ರೀತಿಯನ್ನು ವ್ಯಾಪಾರಕ್ಕೆ ಇಳಿಸಬಾರದೆಂದು ಮಾತ್ರ ಹೇಳುತ್ತೇವೆ.

ಕೊನೆಗೆ, ನಮ್ಮ ತಪ್ಪಿನಿಂದಲೇ ನಾವು ಕಲಿತ ಒಂದು ಪಾಠವನ್ನು ಹೇಳಬೇಕಾಗಿದೆ. ನೆರೆಮನೆಯವರೊಬ್ಬರು ಹತ್ತನೆಯ ತರಗತಿಯಲ್ಲಿದ್ದ ತಮ್ಮ ಮಗನನ್ನು ನಮ್ಮ ಬಳಿಗೆ ಕರೆತಂದರು. ದೊಡ್ಡವರ ಉದಾಹರಣೆಗಳನ್ನು ಕೊಟ್ಟು ನಾವು ಒಂದು ಗಂಟೆ ಉಪದೇಶಮಾಡಿದೆವು. ಫಲವೇನೂ ಆಗಲಿಲ್ಲ. ಶಾಲೆ ಬಿಟ್ಟು ಅಂಗಡಿಯೊಂದರಲ್ಲಿ ಸೇರುವುದಾಗಿ ಅವನು ತಾಯಿಯೊಡನೆ ಹೇಳಿದನೆಂದು ಆಮೇಲೆ ಕೇಳಿ, ಮತ್ತೆ ಅವನನ್ನು ಕರೆಸಿದೆವು. ಈ ಸಲ ಉಪದೇಶ ಬಿಟ್ಟು ಒಂದು ಲೆಕ್ಕ ಕೊಟ್ಟೆವು. ಋಣಚಿಹ್ನೆ ಬಂದ ಕಡೆಯಲ್ಲೆಲ್ಲ ಅವನ ಕೈ ನಿಲ್ಲುತ್ತಿತ್ತು. ಎಂಟನೆಯ ತರಗತಿಯಲ್ಲಿ ತಪ್ಪಿಹೋದದ್ದನ್ನು ಎರಡು ವರ್ಷಗಳ ಕಾಲ ನಾಚಿಕೆಯಿಂದ ಮುಚ್ಚಿಟ್ಟುಕೊಂಡಿದ್ದನು. ನಾವೆಲ್ಲರೂ ಸೋಮಾರಿತನವೆಂದು ಕರೆದದ್ದು ಭಯವಾಗಿತ್ತು. ಎಂಟನೆಯ ತರಗತಿಯ ಪುಸ್ತಕವನ್ನೇ ತರಿಸಿ, ದಿನಕ್ಕೆ ನಾಲ್ಕು ಲೆಕ್ಕ ಮಾಡಿಸಿದೆವು. ಎರಡನೆಯ ವಾರದಲ್ಲಿ ಅವನು ತಾನಾಗಿ ಐದನೆಯದನ್ನು ಕೇಳಿದನು. ಅವನು ಶಾಲೆಗೆ ಮೊದಲಿಗನಾಗಲಿಲ್ಲ. ತೇರ್ಗಡೆಯಾದನು, ಓದು ಬಿಡಲಿಲ್ಲ.

ಒಂದು ಪರೀಕ್ಷೆ ಬಾಳಿನ ಕೊನೆಯ ತೀರ್ಪಲ್ಲ. 2024ರಲ್ಲಿ ಕರ್ನಾಟಕದಲ್ಲಿ ಎಸ್. ಎಸ್. ಎಲ್. ಸಿ. ವಿದ್ಯಾರ್ಥಿಗಳಿಗೆ ಒಂದೇ ಸಾಲಿನಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿ, ಉತ್ತಮವಾದ ಅಂಕಗಳನ್ನು ಉಳಿಸಿಕೊಳ್ಳುವ ಅವಕಾಶ ಕೊಟ್ಟುದರಲ್ಲಿ ಈ ವಿವೇಕವೇ ಇದೆ. ಈ ವಿವೇಕ ಮನೆಯೊಳಗೂ ಬರಬೇಕು. ಈ ರಾತ್ರಿ ಮಗನೋ ಮಗಳೋ ಪುಸ್ತಕದ ಮುಂದೆ ಸುಮ್ಮನೆ ಕುಳಿತಿದ್ದರೆ, “ಓದಲು ಮನಸ್ಸೇಕಿಲ್ಲ?” ಎಂದು ಗದರಿಸುವುದಕ್ಕೆ ಮುಂಚೆ, “ಎಲ್ಲಿ ನಿಂತಿತಪ್ಪ? ಯಾವ ಲೆಕ್ಕ, ತೋರಿಸು” ಎಂದು ಪಕ್ಕದಲ್ಲಿ ಕುಳಿತು ಕೇಳಿ ನೋಡಬೇಕೆಂದು ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆ.