ಚಂದ್ರನ ಮೇಲೊಂದು ಮಾಳಿಗೆ ಮನೆ

ಆದೋನಿಯ ಕೋಟೆ ಬೆಟ್ಟವನ್ನು ಸಂಜೆ ಹೊತ್ತು ಮುಳುಗುವ ಮುಂಚೆ ಒಮ್ಮೆ ನೋಡಿ. ಮಧ್ಯಾಹ್ನ ದುಂಡಗೆ ಕಾಣುತ್ತಿದ್ದ ಅದೇ ಬಂಡೆಗಳ ನೆರಳು ಈಗ ಈಟಿಯಂತೆ ಚಾಚಿರುತ್ತದೆ. ಬಂಡೆಯನ್ನು ಕಾಣದೆ ಬರೀ ನೆರಳನ್ನು ಕಂಡವರು ಅಲ್ಲಿ ಚೂಪು ಶಿಖರಗಳಿವೆ ಎಂದೇ ತಿಳಿದಾರು. ಚಂದ್ರನ ವಿಷಯದಲ್ಲಿ ಹಳೆಯ ಚಿತ್ರಕಾರರಿಗೆ ಆದದ್ದೂ ಇದೇ.

ಅಮೆರಿಕದ ಚೆಸ್ಲಿ ಬೋನ್‌ಸ್ಟೆಲ್ ಎಂಬ ಕಲಾವಿದರು ಚಂದ್ರನ ಮೇಲೆ ಗರಗಸದ ಹಲ್ಲಿನಂಥ ಬೆಟ್ಟಗಳನ್ನು ಬರೆದರು. ದೂರದರ್ಶಕದಲ್ಲಿ ಕಾಣುವ ಉದ್ದುದ್ದ ನೆರಳನ್ನು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತಿತ್ತು. 1957ರಲ್ಲಿ ಬಾಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಅವರು ಬರೆದುಕೊಟ್ಟ ಚಂದ್ರನ ನೋಟ 40 ಅಡಿ ಉದ್ದವಿತ್ತು. ಆಮೇಲೆ ಅಪೊಲೊ ಯಾತ್ರಿಗಳು ಫೋಟೋ ತಂದರು. ಗಾಳಿ ಮಳೆ ಇಲ್ಲದಿದ್ದರೂ ಕೋಟಿಗಟ್ಟಲೆ ವರ್ಷ ಸಣ್ಣ ಸಣ್ಣ ಉಲ್ಕೆಗಳ ಪೆಟ್ಟು ತಿಂದು ಅಲ್ಲಿನ ಬೆಟ್ಟಗಳು ಗೋಣಿಚೀಲದಂತೆ ದುಂಡಗಾಗಿದ್ದವು! 1970ರಲ್ಲಿ ಆ ಚಿತ್ರವನ್ನು ಗೋಡೆಯಿಂದ ಇಳಿಸಿದರು. ಇಳಿಸಬಾರದಿತ್ತು ಎಂದು ನನಗನಿಸುತ್ತದೆ. ಚಂದ್ರನಿಗೆ ಹೋಗಬೇಕೆಂಬ ಆಸೆ ಹಲವರಲ್ಲಿ ಹುಟ್ಟಿದ್ದೇ ಇಂಥ ತಪ್ಪು ಚಿತ್ರಗಳಿಂದ.

ಬೆಟ್ಟ ತಪ್ಪಾದರೂ ಮನೆಯ ವಿಚಾರದಲ್ಲಿ ಆ ಕಾಲದವರು ಅಷ್ಟು ಎಡವಲಿಲ್ಲ. 1952ರಲ್ಲಿ ಕಾಲಿಯರ್ಸ್ ವಾರಪತ್ರಿಕೆ 50 ಜನರ ಚಂದ್ರಯಾತ್ರೆಯ ಯೋಜನೆಯನ್ನು ಚಿತ್ರಸಹಿತ ಅಚ್ಚು ಹಾಕಿತು. 1959ರಲ್ಲಿ ಅಮೆರಿಕದ ಸೈನ್ಯ 'ಹೊರೈಜನ್' ಎಂಬ ಯೋಜನೆ ಮಾಡಿತು: 1966ರ ಕೊನೆಯೊಳಗೆ 12 ಜನ ಅಲ್ಲಿರಬೇಕು, 10 ಅಡಿ ಅಗಲ, 20 ಅಡಿ ಉದ್ದದ ಲೋಹದ ಪೀಪಾಯಿಗಳೇ ಮನೆ, ಮೇಲೆ ಚಂದ್ರನ ಮಣ್ಣು. ಯೋಜನೆ ಕಾಗದದಲ್ಲೇ ಉಳಿಯಿತು.

ಮೇಲೆ ಮಣ್ಣೇಕೆ? ಇದನ್ನು ಕೌತಾಳಂ, ಹೊಳಗುಂದ, ಕೋಸಿಗಿ ಕಡೆಯ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾವು ಮಾಳಿಗೆ ಎನ್ನುತ್ತೇವೆ, ತೆಲುಗಿನಲ್ಲಿ ಮಿದ್ದೆ. ತೊಲೆ, ಜಂತೆ, ಅದರ ಮೇಲೆ ಮಣ್ಣು, ಕೊನೆಗೆ ಚೌಳು. ಚೈತ್ರ ವೈಶಾಖದ ಬಿಸಿಲಲ್ಲೂ ಒಳಗೆ ತಂಪು. ಅದನ್ನು ಕೆಡವಿ ಸಿಮೆಂಟಿನ ಛಾವಣಿ ಹಾಕಿಸಿದವರು ಈಗ ರಾತ್ರಿ ಫ್ಯಾನಿನ ಕೆಳಗೂ ಬೆವರುತ್ತಾರೆ. ನಮ್ಮ ಮನೆಯೂ ಅದರಲ್ಲೊಂದು.

ಚಂದ್ರನ ಮಣ್ಣು ಶಾಖವನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. 2023ರ ಆಗಸ್ಟ್ 23ರಂದು ಇಳಿದ ನಮ್ಮ ಚಂದ್ರಯಾನ-3 ಅಲ್ಲಿ ನೆಲಕ್ಕೆ ಒಂದು ಸೂಜಿಯನ್ನು ಚುಚ್ಚಿ ನೋಡಿತು. ಮೇಲ್ಮೈಯಲ್ಲಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ಇತ್ತು. ಬರೀ 8 ಸೆಂಟಿಮೀಟರ್ ಆಳದಲ್ಲಿ, ಅಂದರೆ ಒಂದು ಗೇಣಿಗಿಂತ ಕಡಿಮೆಯಲ್ಲಿ, ಸೊನ್ನೆಗಿಂತ 10 ಡಿಗ್ರಿ ಕೆಳಗೆ! ಸೂರ್ಯನ ವಿಕಿರಣ, ಮೇಲಿಂದ ಬೀಳುವ ಕಲ್ಲುಪುಡಿ, ಎರಡನ್ನೂ ಈ ಮಣ್ಣೇ ತಡೆಯಬೇಕು.

ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಮಾಳಿಗೆ ಕುಸಿಯದಂತೆ ಕಂಬ ಕೊಡುತ್ತೇವೆ. ಅಲ್ಲಿ ಛಾವಣಿ ಹಾರದಂತೆ ಹಿಡಿಯಬೇಕು. ಹೊರಗೆ ಗಾಳಿಯೇ ಇಲ್ಲ. ಒಳಗೆ ನಮ್ಮ ನೆಲದಷ್ಟೇ ಒತ್ತಡದ ಗಾಳಿ ತುಂಬಿದರೆ ಅದು ಛಾವಣಿಯ ಒಂದೊಂದು ಚದರ ಮೀಟರನ್ನೂ ಸುಮಾರು 10 ಟನ್ ಬಲದಿಂದ ಮೇಲಕ್ಕೆ ದೂಡುತ್ತದೆ. ಅಲ್ಲಿ ಮಣ್ಣಿನ ತೂಕ ಇಲ್ಲಿಯ ಆರನೇ ಒಂದು ಪಾಲು ಮಾತ್ರ. ಆದ್ದರಿಂದಲೇ ಒಳಮನೆ ಗ್ಯಾಸ್ ಸಿಲಿಂಡರಿನಂತೆ ದುಂಡಗಿರಬೇಕು. ಚಿತ್ರಗಳಲ್ಲಿನ ದೊಡ್ಡ ಗಾಜಿನ ಗುಮ್ಮಟಗಳು ನೋಡಲು ಚೆಂದ, ಕಟ್ಟಲು ಬಲು ಕಷ್ಟ.

ಹೊರಗಿನ ಗೋಡೆಗೆ, ದಾರಿಗೆ ಇಟ್ಟಿಗೆ ಬೇಕಲ್ಲ? ಇಲ್ಲಿಂದ ಹೊತ್ತೊಯ್ಯಲಾಗದು. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೊ ಜೊತೆ ಸೇರಿ ಒಂದು ಉಪಾಯ ಮಾಡಿದರು. ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಒಂದು ಬಗೆಯ ಬ್ಯಾಕ್ಟೀರಿಯಾ, ಯೂರಿಯಾ, ಸುಣ್ಣದ ಅಂಶ ಬೆರೆಸಿದರು. ಬ್ಯಾಕ್ಟೀರಿಯಾ ಸುಣ್ಣಕಲ್ಲನ್ನು ಕಟ್ಟಿ ಪುಡಿಯನ್ನು ಬೆಸೆಯಿತು. ಯೂರಿಯಾವನ್ನು ಯಾತ್ರಿಗಳ ಮೂತ್ರದಿಂದಲೇ ಪಡೆಯಬಹುದಂತೆ. ಇಟ್ಟಿಗೆ ಗಟ್ಟಿಯಾಗಲು ಸೇರಿಸಿದ ಅಂಟು ಯಾವುದು ಗೊತ್ತೇ? ಗೋರಿಕಾಯಿ ಬೀಜದ್ದು. ಹೌದು, ಗೋರುಚಿಕ್ಕುಡು ಎಂದು ಸಂತೆಯಲ್ಲಿ ಕೊಂಡು ಪಲ್ಯ ಮಾಡುವ ಅದೇ ಗಿಡದ್ದು.

ಸುಟ್ಟ ಇಟ್ಟಿಗೆ ಇನ್ನೂ ಗಟ್ಟಿ, ಆದರೆ ಚಳಿ ಬಿಸಿಲಿಗೆ ಸೀಳು ಬಿಡಬಹುದು. 2025ರಲ್ಲಿ ಅದೇ ಸಂಸ್ಥೆಯವರು ಸುಟ್ಟ ಇಟ್ಟಿಗೆಯಲ್ಲಿ ಬೇಕೆಂದೇ ಸೀಳು ಮಾಡಿ, ಬ್ಯಾಕ್ಟೀರಿಯಾ, ಗೋರಿ ಅಂಟು, ಮಣ್ಣು ಕಲಸಿದ ಗಂಜಿಯನ್ನು ಸುರಿದು ಮುಚ್ಚಿದರು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಹೊಸ ಚೌಳು ಹರಡುತ್ತಿದ್ದ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಸುಮಾರಾಗಿ ಅದೇ ಕೆಲಸ.